ಭಾವನ ಹೆಸರಿನ ಮಾತ್ರೆಗಳು

ಹೆದರುವುದರಲ್ಲಿ ನನಗೆ ಒಳ್ಳೇ ಅನುಭವವಿದೆ. ಲಿಫ್ಟಿಗೆ ಹೆದರುತ್ತೇನೆ, ಹಲ್ಲಿಗೆ ಹೆದರುತ್ತೇನೆ, ಬ್ಯಾಂಕಿನ ಫಾರ್ಮಿಗೆ ಹೆದರುತ್ತೇನೆ. ದಿಲ್ಲಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಯದ್ವಾತದ್ವಾ ಓಡುವ ಬ್ಲೂಲೈನ್ ಬಸ್ಸು ಹತ್ತುವಾಗ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ನಮ್ಮ ಮನೆಯವರು, ಈಶ್ವರಪ್ಪನವರು, ಇದನ್ನು ಬಂದವರಿಗೆಲ್ಲಾ ಹೇಳಿ ನಗುತ್ತಿದ್ದರು. ಆದರೆ ೨೦೦೭ರ ಡಿಸೆಂಬರಿನಲ್ಲಿ ನನ್ನನ್ನು ಹಿಡಿದ ಹೆದರಿಕೆ ನಗುವಂಥದ್ದಲ್ಲ.

ಅದು ಶುರುವಾದದ್ದು ಸುಮಿತ್ರಾಳ ಗಂಡ ಹೋದಾಗ. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವೂ ಅವರೂ ಇಪ್ಪತ್ತು ವರ್ಷ ಎದುರುಬದುರು ಇದ್ದವರು. ಗಂಡಸರಿಬ್ಬರದೂ ಒಂದೇ ಮಂತ್ರಾಲಯ, ರಿಟೈರಾದದ್ದೂ ಒಂದೇ ವರ್ಷ. ಸುಮಿತ್ರಾಳ ಗಂಡನಿಗೆ ಎದೆನೋವು ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾದರೆ ಪೆನ್ಷನ್‌ದಾರರ ಆರೋಗ್ಯ ಕಾರ್ಡಿನ ಮೇಲೆ ಸರ್ಕಾರದ ಒಪ್ಪಿಗೆ ಪತ್ರ ಬೇಕು ಅಂದರಂತೆ. ಪತ್ರ ಮೂರನೇ ದಿನ ಬಂತು, ಅವರು ಎರಡನೇ ದಿನವೇ ಹೋಗಿಬಿಟ್ಟಿದ್ದರು. ಮಾತಾಡಿಸಲು ಹೋದಾಗ ಸುಮಿತ್ರಾ ನನ್ನ ಕೈ ಹಿಡಿದುಕೊಂಡು, ಬರೀ ಆ ಕಾರ್ಡು ನಂಬಿಕೊಂಡು ಕೂರಬೇಡ ವಾಸಂತಿ, ಪಕ್ಕದಲ್ಲಿ ಇನ್ನೊಂದು ಏನಾದರೂ ಇಟ್ಟುಕೋ ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅವತ್ತಿನಿಂದ ನಮ್ಮ ವಸಂತ್ ಕುಂಜ್ ಫ್ಲ್ಯಾಟಿನಲ್ಲಿ ಬೇರೆ ಮಾತೇ ಇಲ್ಲ. ಸರ್ಕಾರದ ಕಾರ್ಡಿನ ಜೊತೆಗೆ ಒಂದು ಖಾಸಗಿ ಆರೋಗ್ಯ ವಿಮೆ ಮಾಡಿಸಲೇಬೇಕು ಅಂತ ನಾನು ಹಟ ಹಿಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ ಅಂದರು. ಸುಮಿತ್ರಾಳ ಗಂಡನೂ ಗುಂಡುಕಲ್ಲಿನ ಹಾಗೇ ಇದ್ದರು ಅಂದೆ. ಅವರು ಪೇಪರು ಮಡಿಸಿಟ್ಟು ಸ್ನಾನಕ್ಕೆ ಹೋದರು.

ಗುಡಗಾಂವಿನಲ್ಲಿ ಕೆಲಸದಲ್ಲಿರುವ ಮಗಳು ಅನನ್ಯಾ ಶನಿವಾರ ಬಂದಾಗ ಒಂದು ಕಟ್ಟು ಕರಪತ್ರ ತಂದಳು. ಜಲ್ದಿ ಮಾಡಿ ಅಮ್ಮಾ, ಪಪ್ಪಂಗೆ ಫೆಬ್ರವರಿಲಿ ಅರವತ್ತೊಂದು ತುಂಬತ್ತೆ, ಫಿರ್ ಕೋಯೀ ನಹೀ ದೇಗಾ, ಯಾರೂ ವಿಮೆ ಕೊಡಲ್ಲ ಅಂದಳು. ದಿಲ್ಲಿಯಲ್ಲಿ ಬೆಳೆದ ಹುಡುಗಿ, ಅವಳ ಕನ್ನಡ ಅಷ್ಟೇ. ಮೂವರೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತೆವು. ಒಂದು ಕಂಪನಿ ಮೊದಲೇ ಇದ್ದ ಕಾಯಿಲೆಗೆ ನಾಲ್ಕು ವರ್ಷ ಕಾಯಿ ಅನ್ನುತ್ತಿತ್ತು. ಇನ್ನೊಂದಕ್ಕೆ ನಮ್ಮ ಕಡೆ ಆಸ್ಪತ್ರೆಯೇ ಇಲ್ಲ, ಎದೆನೋವು ಬಂದರೆ ಯಮುನೆ ದಾಟಿ ನೋಯ್ಡಾಕ್ಕೆ ಓಡಬೇಕು. ಮೂರನೆಯದು ಮಾತ್ರ ಚೆನ್ನಾಗಿತ್ತು. ಒಂದು ತಿಂಗಳು ಕಳೆದ ಮೇಲೆ ಹೃದಯಕ್ಕೂ ಕೊಡುತ್ತಾರೆ, ಕಾರ್ಡು ತೋರಿಸಿದರೆ ದೊಡ್ಡ ಆಸ್ಪತ್ರೆಯವರು ನೇರವಾಗಿ ಒಳಗೆ ಕರೆದುಕೊಳ್ಳುತ್ತಾರೆ, ಯಾವ ಪತ್ರವೂ ಬೇಡ. ಇದೇ ಆಗಬೇಕು ಅಂತ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದುವ ವ್ಯವಧಾನ ನನಗಿರಲಿಲ್ಲ.

ಆ ಸಣ್ಣ ಅಕ್ಷರವನ್ನು ಓದಿ ಹೇಳಿದವರು ಚಂದ್ರಮೋಹನ. ದಿಲ್ಲಿಯ ಕನ್ನಡದವರಿಗೆಲ್ಲಾ ವಿಮೆ ಮಾಡಿಸುವ ಏಜೆಂಟರು ಅವರು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲೂ ಬಗಲಲ್ಲಿ ಫಾರ್ಮು ಇಟ್ಟುಕೊಂಡೇ ಕೂರುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. ಕಾಫಿ ಕುಡಿಯುತ್ತಾ ಹೇಳಿದರು, ವಯಸ್ಸಾದವರಿಗೆ ಎರಡು ಷರತ್ತು ಅಕ್ಕಾವ್ರೇ, ರಕ್ತ ಪರೀಕ್ಷೆ, ಇ.ಸಿ.ಜಿ. ಮಾಡಿಸಬೇಕು, ಮತ್ತೆ ಡಿಸ್ಪೆನ್ಸರಿ ಪುಸ್ತಕದ ಜೆರಾಕ್ಸ್ ಕೊಡಬೇಕು ಅಂತ. ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಪುಸ್ತಕವಿರುತ್ತದೆ. ಏನು ಕಾಯಿಲೆ, ಏನು ಮಾತ್ರೆ ಕೊಟ್ಟೆವು ಎಲ್ಲಾ ಡಾಕ್ಟರು ಅದರಲ್ಲೇ ಬರೆಯುತ್ತಾರೆ.

ಪುಸ್ತಕ ಅಂದ ಕೂಡಲೇ ಮನೆಯವರು ನನ್ನ ಮುಖ ನೋಡಿದರು. ನಾನು ಸಕ್ಕರೆ ತರುವ ನೆಪ ಮಾಡಿ ಅಡುಗೆಮನೆಗೆ ಹೋಗಿ ನಿಂತೆ.

ಆ ಪುಸ್ತಕದಲ್ಲಿ ಏನಿದೆ ಅಂತ ನಿಮಗೂ ಹೇಳಿಬಿಡುತ್ತೇನೆ. ನಮ್ಮಣ್ಣ ಕೆಂಪಣ್ಣ ಹಿರಿಯೂರಿನ ಕಡೆಯಿಂದ ಬಂದು ನೋಯ್ಡಾದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾನೆ. ಕಾಂಟ್ರಾಕ್ಟರನ ಕೈಕೆಳಗಿನ ಕೆಲಸ, ಕಾರ್ಡಿಲ್ಲ, ವಿಮೆಯಿಲ್ಲ, ಏನೂ ಇಲ್ಲ. ಏಳು ವರ್ಷದ ಹಿಂದೆ ಒಲೆಯ ಮುಂದೆಯೇ ಕುಸಿದುಬಿದ್ದ. ಅಲ್ಲಿನ ಡಾಕ್ಟರು ಸಕ್ಕರೆ ಕಾಯಿಲೆ, ಬಿ.ಪಿ., ಹೃದಯವೂ ದುರ್ಬಲ ಅಂತ ಹೇಳಿ, ಸಾಯುವ ತನಕ ನುಂಗು ಅಂತ ಚೀಟಿ ಬರೆದುಕೊಟ್ಟರು. ಎರಡು ತಿಂಗಳು ನುಂಗಿದ, ಆಮೇಲೆ ಬಿಟ್ಟ. ಊರಿಗೆ ಕಳಿಸಿ ಉಳಿದದ್ದರಲ್ಲಿ ಅವನಿಗೆ ಮಾತ್ರೆ ದಕ್ಕುತ್ತಿರಲಿಲ್ಲ.

ನಾನು ಎರಡು ದಿನ ಅನ್ನ ಬಿಟ್ಟು ಅತ್ತೆ. ನಿಮಗೆ ಡಿಸ್ಪೆನ್ಸರಿಯಲ್ಲಿ ಎಲ್ಲಾ ಪುಕ್ಕಟೆ ಕೊಡ್ತಾರಲ್ಲ, ನಿಮ್ಮ ಹೆಸರಲ್ಲಿ ತಂದರೆ ಸರ್ಕಾರ ಮುಳುಗುತ್ತಾ ಅಂತ ಗಂಡನ ಪ್ರಾಣ ತಿಂದೆ. ಆಫೀಸಿನ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ ಅವರು. ಮೂರನೇ ದಿನ ಅಣ್ಣನ ಚೀಟಿ ಜೇಬಿಗಿಟ್ಟುಕೊಂಡು ಹೋದರು. ಅವತ್ತು ಡಾಕ್ಟರ ಮುಂದೆ ನೂರು ಜನರ ಸಾಲಿತ್ತಂತೆ. ಡಾಕ್ಟರು ಚೀಟಿಯ ಮೇಲಿನ ಹೆಸರು ನೋಡದೆ ಮಾತ್ರೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡರು. ಮುಂದಿನ ತಿಂಗಳಿನಿಂದ ಆ ಡಾಕ್ಟರು 'ರಿಪೀಟ್ ಆಲ್' ಅಂತ ಗೀಚಿ ಕೊಡುತ್ತಿದ್ದರು. ತಿಂಗಳ ಮೊದಲ ಭಾನುವಾರ ಅಣ್ಣ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ, ರೊಟ್ಟಿ ತಿಂದು, ಭಾವನಿಗೆ ಕೈಮುಗಿದು ಪೊಟ್ಟಣ ತೆಗೆದುಕೊಂಡು ಹೋಗುತ್ತಿದ್ದ. ನನ್ನ ಅಣ್ಣನನ್ನು ನಾನೇ ಬದುಕಿಸಿದೆ ಅಂತ ನನಗೆ ಒಳಗೊಳಗೇ ಜಂಬವಿತ್ತು.

ನಾನು ಸಕ್ಕರೆ ಹಿಡಿದು ಬರುವಷ್ಟರಲ್ಲಿ ಚಂದ್ರಮೋಹನ, ಮನೆಯವರು ಕೊಟ್ಟ ಪುಸ್ತಕ ತಿರುವಿಹಾಕಿ ಕಾಫಿ ಲೋಟ ಕೆಳಗಿಟ್ಟರು. ಸರ್‌ಗೆ ಮೂರೂ ಇದೆ ಅಂತ ಹೇಳಲೇ ಇಲ್ಲವಲ್ಲ ಅಕ್ಕಾವ್ರೇ ಅಂದರು. ಈ ಪುಸ್ತಕ ಕೊಟ್ಟರೆ ಕಂಪನಿಯವರು ಸಕ್ಕರೆ, ಬಿ.ಪಿ., ಹೃದಯ ಮೂರಕ್ಕೂ ಕೊಡೋದಿಲ್ಲ ಅಂತ ಬರೆದುಬಿಡುತ್ತಾರೆ, ಇನ್ನು ಉಳಿಯೋದು ಮಲೇರಿಯಾ, ಕಾಲು ಮುರಿದರೆ ಕಾಲು. ಬಚ್ಚಿಟ್ಟು ಕೊಟ್ಟರೆ ನಾಳೆ ಆಸ್ಪತ್ರೆ ಸೇರಿದ ದಿನ ಹುಡುಕಿ ತೆಗೆದು ಪಾಲಿಸಿಯನ್ನೇ ರದ್ದು ಮಾಡುತ್ತಾರೆ. ಚಂದ್ರಮೋಹನರ ಕಿವಿಗೆ ನಿಜ ಹಾಕಿದರೆ ದಿಲ್ಲಿಯ ಎಲ್ಲಾ ಕನ್ನಡದವರಿಗೂ ಡಂಗುರ ಸಾರಿದ ಹಾಗೇ. ಮನೆಯವರು ಮಾತ್ರ ಶಾಂತವಾಗಿ, ಪರೀಕ್ಷೆ ಆಗಲಿ ನೋಡೋಣ ಅಂದರು. ಚಂದ್ರಮೋಹನರೂ ಅದೇ ಸರಿ ಅಂದರು. ರಕ್ತ, ಇ.ಸಿ.ಜಿ. ಎರಡೂ ಚೆನ್ನಾಗಿ ಬಂದರೆ, ಕಾಯಿಲೆ ಹತೋಟಿಯಲ್ಲಿದೆ ಅಂತ ಕಂಪನಿಯ ಹತ್ತಿರ ವಾದ ಮಾಡಿ ಹೃದಯವನ್ನಾದರೂ ಬಿಡಿಸಿಕೊಳ್ಳಬಹುದಂತೆ.

ಅವರು ಹೋದ ಮೇಲೆ ನಾನು ಮನೆಯವರನ್ನು ಕೇಳಿದೆ, ಡಿಸ್ಪೆನ್ಸರಿಗೆ ಹೋಗಿ ನಿಜ ಹೇಳಿಬಿಟ್ಟರೆ ಏನಾಗುತ್ತೆ ಅಂತ.

"ಏಳು ವರ್ಷ ಸರ್ಕಾರದ ಔಷಧಿ ಕದ್ದವನು ಅಂತಾಗುತ್ತೆ," ಅಂದರು. "ವಿಚಾರಣೆ ಬರುತ್ತೆ, ಪೆನ್ಷನ್‌ಗೆ ಕೈ ಹಾಕ್ತಾರೆ, ಕಾರ್ಡು ಕಿತ್ಕೋತಾರೆ. ನಿಮ್ಮಣ್ಣನ ಮಾತ್ರೆಯೂ ನಿಲ್ಲುತ್ತೆ."

ಒಂದೊಂದೇ ಮಾತು ನಿಧಾನವಾಗಿ, ಆಫೀಸಿನ ಫೈಲಿನಲ್ಲಿ ಬರೆಯುವ ಹಾಗೆ ಹೇಳಿದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಸ್ವಲ್ಪ ಹಗುರಾಗುತ್ತಿದ್ದೆ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಅವರು ಕೆಮ್ಮಿದರೆ ಓಡಿಬರುತ್ತಿದ್ದೆ, ಹಾಲು ತರಲು ಹೋದವರು ಐದು ನಿಮಿಷ ತಡಮಾಡಿದರೆ ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದೆ. ಒಂದು ದಿನ ಮೂರು ಮಹಡಿ ಹತ್ತಿಬಂದವರು ಬಾಗಿಲಲ್ಲೇ ಗೋಡೆ ಹಿಡಿದು ನಿಂತರು. ಏನಾಯ್ತು ಅಂದೆ. ಚಳಿ ಅಂದರು. ಮುಖದ ಮೇಲೆ ಬೆವರಿತ್ತು. ಬೇಗ ನಡೆದು ಬಂದೆನಲ್ಲ ಅದಕ್ಕೆ ಅಂದರು, ನಾನೂ ನಂಬಿದೆ. ನಂಬಿದರೆ ನನಗೆ ಹೆದರುವುದು ಒಂದು ಕಡಿಮೆಯಾಗುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಆಟೋ ಮಾಡಿಕೊಂಡು ಕಂಪನಿಯವರು ಹೇಳಿದ ಲ್ಯಾಬಿಗೆ ಹೋದೆವು. ಮಂಜು ಕವಿದು ಎದುರಿನ ಬಸ್ಸೂ ಕಾಣುತ್ತಿರಲಿಲ್ಲ. ರಕ್ತದ ಸಕ್ಕರೆಯ ರಿಪೋರ್ಟು ಒಂದು ಗಂಟೆಯಲ್ಲಿ ಬಂತು. ಅಲ್ಲಿದ್ದ ಹೆಂಗಸು ನಮ್ಮ ಪುಸ್ತಕದ ಜೆರಾಕ್ಸು ನೋಡಿ, ಏಳು ವರ್ಷದ ಸಕ್ಕರೆ ಕಾಯಿಲೆಯನ್ನು ಎಷ್ಟು ಚೆನ್ನಾಗಿ ಹತೋಟಿಯಲ್ಲಿ ಇಟ್ಟುಕೊಂಡಿದ್ದೀರಿ ಅಂಕಲ್, ನಮ್ಮ ತಂದೆಗೂ ಸ್ವಲ್ಪ ಹೇಳಿಕೊಡಿ ಅಂತ ಹಿಂದಿಯಲ್ಲಿ ಹೊಗಳಿದಳು. ಬೆಳಿಗ್ಗೆ ಎರಡು ಚಮಚ ಸಕ್ಕರೆ ಹಾಕಿ ಕಾಫಿ ಕುಡಿಯುವ ಮನುಷ್ಯ ಇವರು. ನನಗೆ ನಗು ಬಂತು. ಈ ಹೆಂಗಸು ಹೀಗೇ ಬರೆದುಕೊಟ್ಟರೆ ನಮ್ಮ ಕೆಲಸ ಆದ ಹಾಗೇ ಅಂದುಕೊಂಡು, ಎಷ್ಟೋ ದಿನದ ಮೇಲೆ ಗಂಡನ ಭುಜ ತಟ್ಟಿದೆ.

ಆಮೇಲೆ ಇ.ಸಿ.ಜಿ. ಮಾಡಲು ಪರದೆಯ ಹಿಂದೆ ಕರೆದುಕೊಂಡು ಹೋದರು. ಒಂದು ಸಲ ಮಾಡಿದರು. ತಂತಿಗಳನ್ನು ತೆಗೆದು ಮತ್ತೆ ಅಂಟಿಸಿ ಇನ್ನೊಂದು ಸಲ ಮಾಡಿದರು. ಒಳಗಿನಿಂದ ಡಾಕ್ಟರೊಬ್ಬರು ಬಂದು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಆಚೆ ಬಂದು ನನಗೇ ಹೇಳಿದರು, ವಿಮೆಯ ವಿಷಯ ಬಿಡಿ, ಇವರನ್ನು ಇವತ್ತೇ ನಿಮ್ಮ ಡಾಕ್ಟರಿಗೆ ತೋರಿಸಿ ಅಂತ. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಇವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, ಯಂತ್ರ ಹಳೇದು, ತಪ್ಪು ತೋರಿಸಿರುತ್ತೆ, ಮನೆಗೆ ಹೋಗೋಣ ಅಂದರು. ನಾನು ಡಿಸ್ಪೆನ್ಸರಿಗೆ ಆಟೋ ಕರೆದೆ.

ಡಿಸ್ಪೆನ್ಸರಿಯಲ್ಲಿ ಹಳೆಯ ಡಾಕ್ಟರು ವರ್ಗವಾಗಿ ಹೋಗಿದ್ದರು. ಅವರ ಕುರ್ಚಿಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು ಕೂತಿದ್ದರು. ದಪ್ಪ ಸ್ವೆಟರು, ಕಾಲಬುಡದಲ್ಲಿ ಹೀಟರು. ಆಕೆ ಬೇರೆ ಥರದವರು ಅಂತ ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಇ.ಸಿ.ಜಿ. ಕಾಗದವನ್ನು ಪಕ್ಕದಲ್ಲಿಟ್ಟು ಎರಡೆರಡು ಸಲ ನೋಡಿದರು. ಬಿ.ಪಿ. ತಾವೇ ಅಳೆದರು. ಆಮೇಲೆ ಇವರನ್ನು ಕೇಳಿದರು, ಮಾತ್ರೆ ದಿನಾ ತಗೋತೀರಾ ಅಂತ.

"ತಪ್ಪದೆ ತಗೋತೀನಿ ಮೇಡಮ್," ಅಂದರು ನಮ್ಮ ಮನೆಯವರು.

ನಾನು ಅವರ ಕಡೆ ತಿರುಗಿದೆ. ಅವರು ನೇರವಾಗಿ ಎದುರಿನ ಗೋಡೆ ನೋಡುತ್ತಿದ್ದರು. ಮೇಜಿನ ಕೆಳಗೆ ಅವರ ಬೂಟು ನನ್ನ ಪಾದದ ಮೇಲೆ ಬಂದು ಕೂತಿತು. ಬಾಯಿ ಮುಚ್ಚಿಕೊಂಡಿರು ಅಂತ ಅದರ ಅರ್ಥ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಸುಳ್ಳು ಕೇಳಿದ್ದು ಅದೇ ಮೊದಲು. ಅದೂ ಯಾರಿಗೋಸ್ಕರ ಅಂತ ನನಗೆ ಗೊತ್ತಿತ್ತು.

ಡಾಕ್ಟರಮ್ಮ ತಲೆಯಾಡಿಸಿ, ಇಷ್ಟು ಮಾತ್ರೆ ತಗೊಂಡೂ ಹೀಗಿದೆ ಅಂದರೆ ಇದು ಸಾಲುತ್ತಿಲ್ಲ ಅಂದರು. ಬಿ.ಪಿ. ಮಾತ್ರೆಯನ್ನು ಎರಡರಷ್ಟು ಮಾಡಿದರು. ಸಕ್ಕರೆಯ ಮಾತ್ರೆ ಹಾಗೇ ಮುಂದುವರಿಸಿ ಅಂದರು. ಒಂದು ಕಾಗದ ಎಳೆದುಕೊಂಡು, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು, ಅಲ್ಲಿನವರಿಗೆ ಪತ್ರ ಬರೆಯುತ್ತೇನೆ ಅಂತ ಪೆನ್ನು ತೆಗೆದರು. ಬರೆಯುತ್ತಾ ಬಾಯಲ್ಲೂ ಹೇಳಿಕೊಳ್ಳುತ್ತಿದ್ದರು. ಏಳು ವರ್ಷದಿಂದ ಸಕ್ಕರೆ ಕಾಯಿಲೆ. ಏಳು ವರ್ಷದಿಂದ ರಕ್ತ ತೆಳುವಾಗುವ ಮಾತ್ರೆ. ಇವೆಲ್ಲ ನೋಡಿಕೊಂಡು ಅವರು ಇಂಜೆಕ್ಷನ್ ಕೊಡುತ್ತಾರೆ, ಏನೂ ಹೆದರಬೇಡಿ ಅಂದರು ನನಗೆ.

ಹೆದರಬೇಡಿ ಅಂದಾಗಲೇ ನನಗೆ ಪೂರ್ತಿ ಅರ್ಥವಾದದ್ದು. ಆ ಪತ್ರ ಹಿಡಿದುಕೊಂಡು ನಾವು ಹೋದರೆ ಅಲ್ಲಿನ ಡಾಕ್ಟರುಗಳು ಔಷಧಿ ಕೊಡುವುದು ನಮ್ಮಣ್ಣನಿಗೆ. ಹಾಸಿಗೆಯ ಮೇಲೆ ಮಲಗಿರುವುದು ಮಾತ್ರ ಇವರು. ಇಲ್ಲದ ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚುತ್ತಾರೆ, ಇರುವ ಕಾಯಿಲೆಗೆ ಏಳು ವರ್ಷದ ಮಾತ್ರೆ ಒಳಗಿದೆ ಅಂತ ಲೆಕ್ಕ ಹಾಕುತ್ತಾರೆ. ಪಾದದ ಮೇಲೆ ಬೂಟಿನ ಭಾರ ಹಾಗೇ ಇತ್ತು. ಪೆನ್ಷನ್ ಕಣ್ಣ ಮುಂದೆ ಬಂತು, ಚಂದ್ರಮೋಹನರ ಬಾಯಿ ಬಂತು, ಒಲೆಯ ಮುಂದೆ ನಿಂತ ಅಣ್ಣ ಬಂದ. ಸುಮಿತ್ರಾಳ ಬೋಳು ಹಣೆಯೂ ಬಂತು.

ನಾನು ಕಾಲು ಎಳೆದುಕೊಂಡೆ.

"ಮೇಡಮ್, ಇವರು ಅದರಲ್ಲಿ ಒಂದು ಮಾತ್ರೆಯನ್ನೂ ನುಂಗಿಲ್ಲ," ಅಂದೆ. ನನ್ನ ಹರಕು ಹಿಂದಿಯಲ್ಲೇ ಎಲ್ಲಾ ಹೇಳಿದೆ. ಅಣ್ಣನ ಹೆಸರು, ಅವನ ಚೀಟಿ, ನನ್ನ ಅಳು, ಪ್ರತಿ ತಿಂಗಳ ಪೊಟ್ಟಣ. ತಪ್ಪು ನನ್ನದು, ಇವರದಲ್ಲ ಅಂದೆ. ಪಕ್ಕದಲ್ಲಿ ಇವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಡಾಕ್ಟರಮ್ಮ ಎದ್ದುಹೋಗಿ ಬಾಗಿಲು ಹಾಕಿ ಬಂದರು. ಹೊರಗೆ ಕಾಯುತ್ತಿದ್ದವರ ಗೊಣಗಾಟ ಕೇಳುತ್ತಿತ್ತು. ಪುಸ್ತಕದಲ್ಲಿದ್ದ ಹಳೆಯ ರಕ್ತ ಪರೀಕ್ಷೆಗಳನ್ನೆಲ್ಲ ಬೆರಳಿಟ್ಟು ತೋರಿಸಿ, ಇವೆಲ್ಲ ಯಾರ ರಕ್ತ ಅಂತ ಕೇಳಿದರು. ಇವರದೇ ಅಂದೆ. ಹಾಗಾದರೆ ಆ ಮನುಷ್ಯನ ಸಕ್ಕರೆ ಎಷ್ಟಿದೆ ಅಂತ ಏಳು ವರ್ಷದಲ್ಲಿ ಯಾರೂ ನೋಡೇ ಇಲ್ಲ ಅಂದರು. ಮಾತ್ರೆ ಕೊಟ್ಟು ಕಳಿಸಿದೆನಲ್ಲ, ಅಷ್ಟಕ್ಕೇ ನನ್ನ ಜಂಬ ಮುಗಿದಿತ್ತು.

"ನಾನು ಇದನ್ನು ಬರೆದರೆ ಮೇಲಕ್ಕೆ ಹೋಗುತ್ತೆ," ಅಂದರು ಡಾಕ್ಟರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗೆ ತೊಂದರೆ ಆಗುತ್ತೆ, ನಾನು ತಡೆಯಲಾರೆ. ಬರೆಯದಿದ್ದರೆ ಆಸ್ಪತ್ರೆಯವರು ಈ ಪುಸ್ತಕ ನಂಬುತ್ತಾರೆ. ನೀವೇ ಹೇಳಿ, ಏನು ಮಾಡಲಿ?"

ಇವರು ಮುಖದಿಂದ ಕೈ ತೆಗೆದು, ಇದ್ದ ಹಾಗೇ ಇರಲಿ ಮೇಡಮ್ ಅಂದರು.

"ಬರೀರಿ," ಅಂದೆ ನಾನು.

ಅವರು ಬರೆದರು. ಕೆಂಪು ಶಾಯಿಯಲ್ಲಿ ಅರ್ಧ ಪುಟ. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಪತ್ರ ಹರಿದು ಹಾಕಿ ಹೊಸದು ಬರೆದರು. ಇವರಿಗೆ ಒಂದು ಮಾತ್ರೆ ಅಗಿಯಲು ಕೊಟ್ಟು, ಇನ್ನೊಂದನ್ನು ನಾಲಿಗೆ ಕೆಳಗೆ ಇಡಿಸಿದರು. ಅಣ್ಣನನ್ನು ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಅವನ ಹೆಸರಿನಲ್ಲೇ ಕರೆದುಕೊಂಡು ಹೋಗಿ ಅಂದರು. ಆಂಬುಲೆನ್ಸಿಗೆ ಫೋನು ಮಾಡಿದರು, ಮಂಜಿನಲ್ಲಿ ಒಂದು ಗಂಟೆಯಾಗುತ್ತದೆ ಅಂತ ಉತ್ತರ ಬಂತು. ಕಾಯುವುದು ಬೇಡ, ಆಟೋದಲ್ಲೇ ಹೊರಡಿ ಅಂದರು.

ಆಟೋದ ಎರಡೂ ಕಡೆಯಿಂದ ತಣ್ಣನೆ ಗಾಳಿ ನುಗ್ಗುತ್ತಿತ್ತು. ನನ್ನ ಶಾಲು ತೆಗೆದು ಅವರ ಎದೆಗೆ ಸುತ್ತಿದೆ. ಬೈತಾರೆ ಅಂತ ಕಾದೆ, ಬೈಯಲಿಲ್ಲ. ನಾಲಿಗೆ ಕೆಳಗಿನ ಮಾತ್ರೆ ಕರಗಿದ ಮೇಲೆ, ಈಗ ಸ್ವಲ್ಪ ಪರವಾಗಿಲ್ಲ ಕಣೆ ಅಂದರು. ಏನು ಪರವಾಗಿಲ್ಲ ಅಂದೆ. ನೋವು ಅಂದರು.

ನೋವು ಅನ್ನುವ ಮಾತನ್ನು ಅವರು ನನ್ನೆದುರು ಆಡಿದ್ದೇ ಆಗ.

"ಯಾವಾಗಿನಿಂದ ರೀ?"

"ಹೋದ ವರ್ಷದ ದೀಪಾವಳಿಯಿಂದ ಇದೆ. ಮೆಟ್ಟಿಲು ಹತ್ತಿದರೆ ಜಾಸ್ತಿ."

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿದವಳಿಗೆ ಬರುವ ಸಿಟ್ಟು ಅದು. ಒಂದು ವರ್ಷದಿಂದ ಎದೆ ನೋಯುತ್ತಿದೆ, ಎದೆನೋವಿನ ಮಾತ್ರೆ ಪ್ರತಿ ತಿಂಗಳೂ ನಿಮ್ಮ ಕೈಯಲ್ಲೇ ಇತ್ತಲ್ಲ, ಸಾಲಲ್ಲಿ ನಿಂತು ನೀವೇ ತರುತ್ತಿದ್ದಿರಲ್ಲ, ಒಂದು ನುಂಗಿ ನೀರು ಕುಡಿಯಲು ಏನಾಗಿತ್ತು ನಿಮಗೆ ಅಂತ ಆಟೋದವನು ತಿರುಗಿ ನೋಡುವ ಹಾಗೆ ಕೂಗಿದೆ.

ಅವರು ರಸ್ತೆ ನೋಡುತ್ತಲೇ ಹೇಳಿದರು.

"ಅವರು ಒಬ್ಬರಿಗೆ ಆಗುವಷ್ಟೇ ಕೊಡೋದು ವಾಸಂತಿ. ನಿಮ್ಮಣ್ಣನಿಗೆ ಸಾಲಬೇಕಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಬೆರಳು ತಣ್ಣಗಿದ್ದವು. ಭಯ್ಯಾ, ಜರಾ ಜಲ್ದಿ ಚಲೋ ಅಂದೆ ಆಟೋದವನಿಗೆ. ಮಂಜಿನಲ್ಲಿ ಮುಂದೆ ಏನೂ ಕಾಣಿಸುತ್ತಿಲ್ಲ ಮಾತಾಜೀ ಅಂದ ಅವನು.